ಬಿಸಿಗಾಳಿಯ ತೇವ

ಹಾಲಿನ ಪುಡಿ ಒಣಗಿಸುವ ಬಿಸಿಗಾಳಿಯಲ್ಲಿ ತೇವಾಂಶ ಒಂದೇ ಸಮನೆ ಏರುತ್ತಿತ್ತು. ಅದೂ ತಪಾಸಣೆಗೆ ಬಂದ ಅಧಿಕಾರಿ ಮೀಟರಿನ ಮುಂದೆ ನಿಂತಿದ್ದಾಗಲೇ.

"ಮಳೆಗಾಲ ಅಲ್ವಾ ಸಾರ್, ಹೊರಗಿನ ಗಾಳೀನೇ ಒದ್ದೆ," ಎಂದು ಮ್ಯಾನೇಜರ್ ನಕ್ಕರು.

"ಗಾಳಿ ಕೊಳವೆ ತೆಗೆಸಿ, ನೋಡೋಣ."

ಯಂತ್ರ ನಿಲ್ಲಿಸಿ ಮುಚ್ಚಳ ತೆರೆದರೆ, ತೇವಾಂಶ ಅಳೆಯುವ ಕಡ್ಡಿಯ ಮೇಲೆ ಒಂದು ಜೊತೆ ಕಾಲುಚೀಲ ಹಬೆಯಾಡುತ್ತಿತ್ತು.

"ಯಾರ ಕೆಲಸ ಇದು?" ಮ್ಯಾನೇಜರ್ ಗುಡುಗಿದರು.

ಕಸ ಗುಡಿಸುವ ಚಿಕ್ಕತಾಯಮ್ಮ ಮುಂದೆ ಬಂದಳು. "ನಾನೇ ಹಾಕಿದ್ದು ಸಾ. ಬೇಗ ಒಣಗ್ಬೇಕಿತ್ತು."

"ಮಕ್ಕಳು ಕುಡಿಯೋ ಹಾಲಲ್ವೇನೇ! ನಾಚ್ಕೆ ಆಗಲ್ವಾ ನಿಂಗೆ? ನಾಳೆಯಿಂದ ಈ ಕಡೆ ಕಾಲಿಡ್ಬೇಡ!"

"ಯಾರದಮ್ಮ ಇವು?" ಅಧಿಕಾರಿ ಮೆಲ್ಲಗೆ ಕೇಳಿದರು.

ಅವಳು ಅವಮಾನದಿಂದ ಹಿಡಿಯಷ್ಟಾಗಿ, ತಲೆ ತಗ್ಗಿಸಿ ನಿಂತಳು.

"ಅವಳನ್ನೇನು ಕೇಳ್ತೀರಿ ಸಾರ್, ಬಿಡಿ," ಎಂದ ಮ್ಯಾನೇಜರರ ದನಿ ಥಟ್ಟನೆ ಇಳಿದಿತ್ತು.

ಅವಳ ನೋಟ ನೆಟ್ಟಿದ್ದ ಕಡೆಗೇ ಅಧಿಕಾರಿಯೂ ನೋಡಿದರು. ಮಳೆಗೆಂದು ಮಡಚಿದ್ದ ಪ್ಯಾಂಟಿನ ಕೆಳಗೆ, ಮ್ಯಾನೇಜರರ ಬೂಟಿನೊಳಗೆ ಬರಿಗಾಲಿತ್ತು.