ಹೆಬ್ಬೆರಳಿನ ಪೇಟೆಂಟ್

ಗದಗಿನ ಟೇಲರ್ ನೀಲವ್ವನ ಬಲಗೈ ಯಂತ್ರದ್ದು. ಅದನ್ನು ನಡೆಸುವ ಸಾಫ್ಟ್‌ವೇರನ್ನು ಯಾರೋ ಬರೆದು ಎಲ್ಲರಿಗೂ ಉಚಿತವಾಗಿ ಹಂಚಿದ್ದರು. ಒಂದು ಬೆಳಿಗ್ಗೆ ಕಂಪನಿಯೊಂದರ ಅಧಿಕಾರಿ ಅಂಗಡಿಗೆ ಬಂದ.

"ಅಕ್ಕಾರ, ಹೆಬ್ಬೆರಳು ಬಗ್ಗಿಸೋ ವಿಧಾನದ ಪೇಟೆಂಟ್ ನಮ್ದೈತಿ. ಲೈಸೆನ್ಸ್ ತಗೊಳ್ರಿ, ಇಲ್ಲಾಂದ್ರ ಬೆರಳು ಬಂದ್ ಮಾಡ್ತೀನಿ."

"ಸಾಫ್ಟ್‌ವೇರ್ ಬರದವ್ರು ಇದನ್ನ ಹೇಳಿರಲಿಲ್ಲಲ್ರಿ?"

"ಅವ್ರಿಗೂ ಗೊತ್ತಿರಲಿಲ್ರಿ."

"ಹಂಗಾರ ಬಂದ್ ಮಾಡ್ರಿ" ಎಂದು ನೀಲವ್ವ ಕೈ ಚಾಚಿದಳು. ಅವನು ತನ್ನ ಫೋನಿನಲ್ಲಿ ಏನೋ ಒತ್ತಿದ; ಹೆಬ್ಬೆರಳು ಜೋತುಬಿತ್ತು. ಅವನೆದುರು ಅವಳು ಅಳಲಿಲ್ಲ.

ವಾರವಿಡೀ ಕೂತು ಸಾಫ್ಟ್‌ವೇರ್ ತಿದ್ದಿದಳು. ಉಂಗುರಬೆರಳು, ಕಿರುಬೆರಳುಗಳ ನಡುವೆ ಸೂಜಿ ಹಿಡಿಯುವುದನ್ನು ಕೈಗೆ ಕಲಿಸಿದಳು. ಮೊದಲ ಗುಂಡಿ ಹೊಲಿದೊಡನೆ ತಿದ್ದಿದ ಸಾಫ್ಟ್‌ವೇರನ್ನು ಯಂತ್ರದ ಕೈಯಿರುವ ಎಲ್ಲರಿಗೂ ಹಂಚಿದಳು.

ಅಧಿಕಾರಿ ಮತ್ತೆ ಬಂದ. "ಇದರ ಪೇಟೆಂಟ್ ಯಾರ್ದ್ರಿ?"

"ಯಾರ್ದೂ ಅಲ್ಲ. ಜಗತ್ತಿಗೇ ಕೊಟ್ಟೇನಿ. ಇನ್ನ ಮ್ಯಾಲೆ ಯಾರೂ ಇದನ್ನ ನಂದು ಅನ್ನಾಕ ಬರೂದಿಲ್ಲ. ನಾನೂ ಸೈತ."