ಓದಿ ಹೇಳುವ ದನಿ

ಕಚೇರಿಯ ಕಂಪ್ಯೂಟರುಗಳಿಗೆಲ್ಲ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಬೇಕೆಂದು ಮೇಲಿನವರು ಪಟ್ಟು ಹಿಡಿದಿದ್ದರು. ಮ್ಯಾನೇಜರ್ ನಾಗವೇಣಿ ಮಾತ್ರ ಒಪ್ಪಿರಲಿಲ್ಲ. ಕಣ್ಣು ಕಾಣದ ಗುಮಾಸ್ತ ವಾದಿರಾಜನಿಗೆ ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುವ ತಂತ್ರಾಂಶ ಹೊಸದರಲ್ಲಿ ನಡೆಯುತ್ತಿರಲಿಲ್ಲ.

“ಹಳೇದಕ್ಕೆ ವೈರಸ್ ಬಂದ್ರೆ ಯಾರು ಹೊಣೆ? ಒಬ್ಬರಿಗೋಸ್ಕರ ಎಷ್ಟು ದಿನ ಕಾಯೋದು?” ಎಂದರು ಮೇಲಿನವರು.

ಕೊನೆಗೆ ಅವಳು ಸೋತು ಒಪ್ಪಿಕೊಂಡಳು. ವಾದಿರಾಜನ ಮೇಜಿನ ಬಳಿ ಹೋಗಿ ಹೇಳಿದಳು.

“ನನ್ನ ಕೈಲಿ ತಡೆಯೋಕಾಗಲಿಲ್ಲ. ನಾಳೆಯಿಂದ ನಿಮಗೆ ಓದಿ ಹೇಳೋ ಆ ದನಿ ಇರಲ್ಲ.”

ಅವನು ಕಿವಿಯ ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

“ಆ ತಂತ್ರಾಂಶ ಕೆಟ್ಟು ವರ್ಷವಾಯ್ತು ಮೇಡಂ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದೆ. ಪಕ್ಕದಲ್ಲಿ ಕೂರ್ತಿದ್ದ ಸುಮಿತ್ರಮ್ಮನೇ ಎಲ್ಲ ಮೆಲ್ಲಗೆ ಓದಿ ಹೇಳ್ತಿದ್ರು. ಅವರು ನಿನ್ನೆ ರಿಟೈರ್ ಆದ್ರಲ್ಲ.”