ನಡುಗಂಬದ ಕುಂಕುಮ

ಬೇಸಿಗೆಯ ಪ್ರದರ್ಶನಕ್ಕೆಂದು ಪಾರ್ಕಿನಲ್ಲಿ ಕಲಾವಿದನೊಬ್ಬ ಕಟ್ಟಿದ್ದ ಬಿದಿರಿನ ಮಂಟಪವನ್ನು ಅಂದು ಪಾಲಿಕೆಯವರು ಬಿಚ್ಚುವವರಿದ್ದರು. ಹಾಗೇ ಇರಲಿ ಬಿಡಿ ಎಂದು ಪಾಲಿಕೆಗೆ ಅಲೆದು ಅಲೆದು ಅವನ ಚಪ್ಪಲಿ ಸವೆದಿತ್ತು. ಕೊನೆಯ ಸಲ ನೋಡೋಣವೆಂದು ಬಂದರೆ, ನಡುಗಂಬದ ತುಂಬ ಕುಂಕುಮ, ಹೂವು.

“ಯಾರ್ರೀ ಇದನ್ನ ಹಾಳು ಮಾಡಿದ್ದು?”

“ನಾನೇ,” ಎಂದಳು ಹೂ ಮಾರುವ ಮುದುಕಿ. “ದೇವರಿಲ್ಲದೆ ಮಂಟಪ ಬಿಕೋ ಅಂತಿತ್ತು.”

“ಇದು ಕಲೆ ಕಣಮ್ಮ, ನಿನ್ನ ಗುಡಿಯಲ್ಲ. ಒರೆಸು.”

“ನೀನೇ ಒರೆಸ್ಕೊ. ಪಾಪ ನಿನ್ನ ತಲೆಗೇ ಸುತ್ಕೊಳ್ಳಲಿ.”

ಅವನು ಕರವಸ್ತ್ರ ಒದ್ದೆ ಮಾಡುವಷ್ಟರಲ್ಲಿ ಪಾಲಿಕೆಯ ಲಾರಿ ಬಂತು. ಕಂಬ ನೋಡಿದ್ದೇ ತಡ, ಕೂಲಿಯವರು ಹಿಂದೆ ಸರಿದರು. “ಪೂಜೆ ಆಗಿರೋದಕ್ಕೆ ನಾವು ಕೈ ಹಾಕಲ್ಲ ಸಾರ್.”

ಎಂಜಿನಿಯರ್ ಅವನನ್ನು ದುರುಗುಟ್ಟಿ ನೋಡಿದ. “ಏನ್ರೀ, ಇದು ಗುಡಿನಾ?”

ಅವನು ಮುದುಕಿಯತ್ತ ತಿರುಗಿದ. “ಅಮ್ಮಾ, ಇವತ್ತು ಮಂಗಳಾರತಿ ಎಷ್ಟು ಹೊತ್ತಿಗೆ?”